ಒಂದೇ ಮೈಕು, ಎರಡು ಚಪ್ಪಲಿ

"ಇನ್ನೊಂಚೂರು ಹತ್ತಿರ ನಿಂತ್ಕೊಳ್ಳಿ... ಇನ್ನೊಂಚೂರು!"

ನಿರ್ದೇಶಕರು ಹಾಗಂದಾಗಲೆಲ್ಲ ಸದ್ದಮ್ಮನ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು.

ಊರಿಗೆ ರೇಡಿಯೋ ಬಂದ ಹೊಸತು. ನಿಲಯದಲ್ಲಿದ್ದದ್ದು ಒಂದೇ ಮೈಕು. ನಾಟಕದ ನಾಯಕ, ನಾಯಕಿ ಕೆನ್ನೆಗೆ ಕೆನ್ನೆ ತಾಗುವಷ್ಟು ಹತ್ತಿರ ನಿಂತೇ ಮಾತಾಡಬೇಕು. ಮೂಲೆಯಲ್ಲಿ ಹಲಗೆಯ ಮೇಲೆ ಚಪ್ಪಲಿ ಕುಟ್ಟಿ ನಾಯಕಿಯ ಹೆಜ್ಜೆ ಸದ್ದು ಮಾಡುವವಳು ಇವಳು. ಅದಕ್ಕೇ ಎಲ್ಲರ ಬಾಯಲ್ಲೂ ಸದ್ದಮ್ಮ!

"ಈ ಹೆಜ್ಜೆ ಸದ್ದು ಕೇಳಿದ್ರೆ ಸಾಕು, ನನ್ನ ಮನೆಗೆ ಬೆಳಕು ಬಂದ ಹಾಗೆ!"

ಪ್ರತಿ ವಾರ ನಾಯಕ ಹೇಳುವ ಈ ಮಾತಿಗೆ ಊರೇ ಮರುಳಾಗಿತ್ತು. ಗಂಡಂದಿರು ಮನೆಯಲ್ಲಿ ಅದನ್ನೇ ಒಪ್ಪಿಸಿ ಬೈಸಿಕೊಳ್ಳುತ್ತಿದ್ದರು. ಹುಡುಗಿಯರು ಅಂಗಡಿಯಲ್ಲಿ, "ರೇಡಿಯೋದವಳ ಹಾಗೆ ಸದ್ದು ಮಾಡೋ ಚಪ್ಪಲಿ ಕೊಡಿ" ಎನ್ನುತ್ತಿದ್ದರು.

ನಿನ್ನೆಯಂತೂ ಅತ್ತಿಗೆ, "ಆ ಜೋಡಿ ನಿಜವಾಗ್ಲೂ ಮದುವೆ ಆಗ್ತಾರಂತಲ್ಲೇ?" ಅಂದುಬಿಟ್ಟಿದ್ದಳು.

ಸದ್ದು ನನ್ನದು... ಮಾತು ಮಾತ್ರ ಅವಳಿಗಾ? ಸಾಕಪ್ಪಾ! ಇವತ್ತೇ ಕೊನೆ, ನಾಳೆಯಿಂದ ಇತ್ತ ತಲೆ ಹಾಕಲ್ಲ!

ಕೆಂಪು ದೀಪ ಹೊತ್ತಿತು. ನೇರ ಪ್ರಸಾರ! ನಾಯಕಿ ನಡೆದು ಬರುವ ದೃಶ್ಯ. ಸದ್ದಮ್ಮ ಚಪ್ಪಲಿಗಳನ್ನು ಎದೆಗೊತ್ತಿಕೊಂಡು ಸುಮ್ಮನೆ ನಿಂತುಬಿಟ್ಟಳು. ಹೊಟ್ಟೆಕಿಚ್ಚು ಅಂದರೆ ಸುಮ್ಮನೇನಾ!

ನಿರ್ದೇಶಕರು ಗಾಜಿನಾಚೆ ತಲೆ ಚಚ್ಚಿಕೊಂಡರು. ನಾಯಕಿ ಕಣ್ಣು ಕಣ್ಣು ಬಿಟ್ಟಳು. ನಾಯಕ ಮಾತ್ರ ಸಂಭಾಷಣೆಯ ಹಾಳೆ ಕೆಳಗಿಟ್ಟು, ಮೂಲೆಯತ್ತ ತಿರುಗಿದ.

"ಯಾಕೆ ನಿಂತುಬಿಟ್ಟೆ? ಮಾತಾಡೋದು ಯಾರ ಜೊತೆಗಾದ್ರೂ ಇರಲಿ... ನಾನು ಕಾಯೋದು ನಿನ್ನ ಹೆಜ್ಜೆಗೆ ಮಾತ್ರ. ಬರಲ್ವಾ?"

ಹಾಳೆಯಲ್ಲಿಲ್ಲದ ಮಾತು! ಅದೂ ಅವಳ ಕಣ್ಣಲ್ಲಿ ಕಣ್ಣಿಟ್ಟು! ಸದ್ದಮ್ಮನ ಕಣ್ಣು ತುಂಬಿ ಬಂತು.

ಟಕ್... ಟಕ್... ಟಕ್‌ಟಕ್‌ಟಕ್!

ಮೆಲ್ಲಗೆ ಬರಬೇಕಿದ್ದ ನಾಯಕಿ ಅವತ್ತು ರೇಡಿಯೋದಲ್ಲಿ ಓಡಿ ಬಂದಳು.

ಪ್ರಸಾರ ಮುಗಿದ ಮೇಲೆ ಮೊಗಸಾಲೆಯಲ್ಲಿ ಅವನು ಸಿಕ್ಕಿದ್ದೇ ತಡ, ಇವಳು ಕಿಡಿಕಾರಿದಳು.

"ಅವಳಿಗೆ ಅಷ್ಟು ಅಂಟಿಕೊಂಡು ನಿಲ್ತೀರಲ್ಲ, ನಾಚಿಕೆ ಆಗಲ್ವಾ? ಧ್ವನಿ ಬೇರೆ ನಡುಗುತ್ತೆ!"

"ಅಯ್ಯೋ ಪುಣ್ಯಾತ್ಗಿತ್ತಿ! ಆಕೆ ಪ್ರತಿ ಸಲ ಹಸಿ ಈರುಳ್ಳಿ ತಿಂದು ಬರ್ತಾರೆ. ನಾನು ಉಸಿರು ಬಿಗಿಹಿಡಿದು ಮಾತಾಡ್ತೀನಿ. ಊರವರಿಗೆ ಅದು ಪ್ರೇಮದ ನಡುಕ!"

ಕಿಡಿಕಾರುತ್ತಿದ್ದವಳು ಕಿಸಕ್ಕನೆ ನಕ್ಕಳು.

"ಮನಸ್ಸಲ್ಲಿ ಇದ್ದದ್ದನ್ನ ಮೊದಲೇ ಹೇಳೋಕೆ ಏನಾಗಿತ್ತು?"

"ಪ್ರತಿ ವಾರ ಹೇಳ್ತಾನೇ ಇದ್ನಲ್ಲ... ಊರಿಗೆಲ್ಲ ಕೇಳಿಸ್ತು. ನಿನಗೊಬ್ಬಳಿಗೇ ಕೇಳಿಸ್ಲಿಲ್ಲ."

ಅವಳು ತಲೆ ತಗ್ಗಿಸಿದಳು. ಕೈಯಲ್ಲಿ ಇನ್ನೂ ಆ ಚಪ್ಪಲಿಗಳಿದ್ದವು.

"ಇಲ್ಲಿ ಮೈಕಿಲ್ಲ. ನನಗೊಬ್ಬಳಿಗೇ ಕೇಳೋ ಹಾಗೆ ಹೇಳಿ..."

ಅವನು ಒಂದು ಹೆಜ್ಜೆ ಮುಂದೆ ಬಂದ.

"ಊಹೂಂ... ಇನ್ನೊಂಚೂರು ಹತ್ತಿರ!"