ರೋಮ್, ನಾಲ್ಕು ದಿನ, ಇಬ್ಬರಿಗೆ

"ರೋಮ್‌ಗೆ... ನಾಲ್ಕು ದಿನ. ಇಬ್ಬರಿಗೆ."

ಆ ಧ್ವನಿ!

ವೆನಿಟಾಳ ಬೆರಳುಗಳು ಕೀಬೋರ್ಡಿನ ಮೇಲೆಯೇ ನಿಂತುಬಿಟ್ಟವು. ಆರು ವರ್ಷ ಕಳೆದಿದ್ದರೂ ಆ ಧ್ವನಿಯ ಗುರುತು ಹಿಡಿಯಲು ಅವಳಿಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಮೆಲ್ಲಗೆ ತಲೆ ಎತ್ತಿದಳು.

ಜೋವಿನ್!

ಕಿವಿಯ ಹತ್ತಿರ ನಾಲ್ಕು ನರೆಗೂದಲು, ಮೂಗಿನ ಮೇಲೆ ಹೊಸ ಕನ್ನಡಕ... ಉಳಿದಂತೆ ಅವನೇ.

'ಯಾಕೆ ಬಂದ? ದೋಹಾದಲ್ಲಿ ಬೇರೆ ಟ್ರಾವೆಲ್ ಏಜೆನ್ಸಿಯೇ ಸಿಗಲಿಲ್ಲವಾ ಇವನಿಗೆ?'

ಪ್ರಶ್ನೆ ಸರಿಯಾದದ್ದೇ. ಅಲ್ ಮನ್ಸೂರಾದ ಆ ಒಂದು ರಸ್ತೆಯಲ್ಲೇ ಅಂಥ ಆಫೀಸುಗಳು ಮೂರಿದ್ದವು. ಅವುಗಳಲ್ಲಿ ಎರಡನ್ನು ದಾಟಿಕೊಂಡು ಬಂದಿದ್ದ ಈ ಮಹಾಶಯ! ಇಲ್ಲಿ ವೀಸಾ ಕೆಲಸ ಬೇಗ ಆಗುತ್ತದಂತೆ ಎಂದು ತನಗೆ ತಾನೇ ಸುಳ್ಳು ಹೇಳಿಕೊಂಡು, ಮೆಟ್ರೋ ಇಳಿದವನು ನೆಟ್ಟಗೆ ಇಲ್ಲಿಗೇ ನಡೆದಿದ್ದ.

"ಕೂತ್ಕೊಳ್ಳಿ ಸರ್," ಎಂದಳು ವೆನಿಟಾ.

ಸರ್! ಜೋವಿನ್‌ನ ಮುಖ ಸಪ್ಪಗಾಯಿತು.

"ವೆನಿ... ಹೇಗಿದ್ದಿ?"

"ಚೆನ್ನಾಗಿದ್ದೇನೆ ಸರ್. ಯಾವ ತಾರೀಖಿಗೆ ಹೊರಡುದು?"

ಬಾಯಿ ಆಫೀಸಿನ ಮಾತು ಆಡುತ್ತಿತ್ತು. ಎದೆ ಮಾತ್ರ ಒಂದೇ ಸಮನೆ ಕೇಳುತ್ತಿತ್ತು... ಯಾಕೆ ಬಿಟ್ಟು ಹೋದೆ? ಯಾಕೆ?

ರೋಮ್ ಎನ್ನುವುದು ಒಂದು ಕಾಲದಲ್ಲಿ ಅವರಿಬ್ಬರ ಊರಾಗಿತ್ತು. ನೋಡಿರಲಿಲ್ಲ, ಅಷ್ಟೇ.

ಆಗ ಜೋವಿನ್ ಪೈಪ್‌ಲೈನ್ ಕಂಪನಿಯೊಂದರಲ್ಲಿ ಸೂಪರ್‌ವೈಸರ್. ವಾರವೆಲ್ಲ ಇಂಡಸ್ಟ್ರಿಯಲ್ ಏರಿಯಾದ ಕೆಲಸಗಾರರ ಕ್ಯಾಂಪು, ಶುಕ್ರವಾರ ಒಂದು ದಿನ ಬಿಡುವು. ಗಲ್ಫಿನಲ್ಲಿ ರಜೆ ಶುಕ್ರವಾರವಾದ್ದರಿಂದ ವಾರದ ಬಲಿಪೂಜೆಗೂ ಜನ ಅಂದೇ ಸೇರುತ್ತಾರೆ. ಕಂಪನಿ ಬಸ್ಸಿನಲ್ಲಿ ಚರ್ಚಿಗೆ ಬರುತ್ತಿದ್ದವನಿಗೆ ಕರಾವಳಿಯ ಶಿರ್ವದ ಈ ಹುಡುಗಿ ಕಂಡಿದ್ದೂ ಅಲ್ಲೇ. ಪೂಜೆ ಮುಗಿದ ಮೇಲೆ ಮನ್ಸೂರಾದ ಹೋಟೆಲಿನಲ್ಲಿ ಒಂದು ಮಸಾಲೆ ದೋಸೆ, ಎರಡು ಚಹಾ... ಮತ್ತು ಅವಳ ಆಫೀಸಿನಿಂದ ತಂದ ರೋಮ್ ನಗರದ ಹಳೆಯ ಬ್ರೋಷರ್.

"ಮೊದಲ ದಿನವೇ ಸೈಂಟ್ ಪೀಟರ್ಸ್ ಚರ್ಚಿನ ಗುಮ್ಮಟ ಹತ್ತುದು!" ಎನ್ನುತ್ತಿದ್ದ ಅವನು. "ಐನೂರಕ್ಕಿಂತ ಹೆಚ್ಚು ಮೆಟ್ಟಿಲು ಉಂಟಂತೆ."

"ನೀನು ಹತ್ತು. ನಾನು ಕೆಳಗೆ ಕೂತು ಐಸ್‌ಕ್ರೀಮ್ ತಿಂತೇನೆ."

"ಎಳ್ಕೊಂಡು ಹೋಗ್ತೇನೆ ಮಾರಾಯ್ತಿ!"

ರೋಮ್‌ನಲ್ಲಿ ರಸ್ತೆ ಬದಿಯ ನಲ್ಲಿಗಳಲ್ಲಿ ಕುಡಿಯುವ ನೀರು ಹಗಲೂ ರಾತ್ರಿ ಹರಿಯುತ್ತದೆ ಎಂದು ಎಲ್ಲೋ ಓದಿದ್ದ. ಪೈಪಿನ ಮನುಷ್ಯನಿಗೆ ಅದಕ್ಕಿಂತ ದೊಡ್ಡ ಪವಾಡ ಇನ್ನೇನು! ಚರ್ಚುಗಳಿಗಿಂತ ಮೊದಲು ಆ ನಲ್ಲಿಗಳನ್ನು ನೋಡಬೇಕೆಂದು ಹಟ ಹಿಡಿಯುತ್ತಿದ್ದ. ಅವಳು ಅಣಕಿಸುತ್ತಿದ್ದಳು. ಬಸ್ಸಿನ ಹಾರ್ನ್ ಕೇಳಿದರೂ ಎದ್ದು ಹೋಗಲು ಇಬ್ಬರಿಗೂ ಮನಸ್ಸಾಗುತ್ತಿರಲಿಲ್ಲ. ಈಸ್ಟರ್ ಕಳೆದ ಮೇಲೆ ಅವನ ಮನೆಯವರು ಶಿರ್ವಕ್ಕೆ ಬಂದು ಹೆಣ್ಣು ಕೇಳುವುದು, ಮದುವೆಯಾದ ಮೇಲೆ ರೋಮ್... ಎಲ್ಲವೂ ಮಾತಾಗಿತ್ತು.

ಆಮೇಲೆ ಒಂದು ಗುರುವಾರ ಸಂಜೆ ಬಂದದ್ದು ಎರಡೇ ಸಾಲಿನ ಮೆಸೇಜು. 'ಒಮಾನ್‌ಗೆ ಟ್ರಾನ್ಸ್‌ಫರ್ ತೆಗೆದುಕೊಂಡಿದ್ದೇನೆ. ನೀನು ಸುಖವಾಗಿರು.'

ಅಷ್ಟೇ! ಫೋನ್ ಮಾಡಿದರೆ ಎತ್ತಲಿಲ್ಲ. ಆಮೇಲೆ ಆ ನಂಬರೇ ಇಲ್ಲವಾಯಿತು.

ಊರಿನಿಂದ ಬಂದ ಎರಡು ಸಂಬಂಧಗಳನ್ನು ವೆನಿಟಾ ಬೇಡವೆಂದಳು. ಅಮ್ಮ ಕಾರಣ ಕೇಳಿದರೆ ಏನು ಹೇಳುವುದು? ಅವಳಿಗೇ ಗೊತ್ತಿರಲಿಲ್ಲ. ಕಾರಣ ತಿಳಿದಿದ್ದರೆ ಒಮ್ಮೆ ಜೋರಾಗಿ ಅತ್ತು ಮರೆಯಬಹುದಿತ್ತು.

ಆ ಕಾರಣ ಈಗ ಎದುರಿನ ಕುರ್ಚಿಯಲ್ಲಿ ಕೂತು ಕನ್ನಡಕ ಒರೆಸಿಕೊಳ್ಳುತ್ತಿತ್ತು.

"ನವೆಂಬರ್ ಎರಡನೇ ವಾರ," ಎಂದ ಜೋವಿನ್. "ಮಂಗಳವಾರ ಹೋಗಿ ಶನಿವಾರ ವಾಪಸ್. ನಾನು ಈಗ ಇಲ್ಲೇ, ವೆಸ್ಟ್ ಬೇಯಲ್ಲಿ ಆಫೀಸು. ಎರಡು ತಿಂಗಳಾಯ್ತು ಬಂದು."

ಅವಳು ಅದನ್ನು ಕೇಳಿಸಿಕೊಳ್ಳಲೇ ಇಲ್ಲ ಎಂಬಂತೆ ಕ್ಯಾಲೆಂಡರ್ ತೆರೆದಳು.

"ಬುಧವಾರ ಬೆಳಿಗ್ಗೆ ಪೋಪರ ದರ್ಶನ ಇರ್ತದೆ. ಆ ದಿನ ವ್ಯಾಟಿಕನ್ ಕಡೆ ಇಡುವ. ಗುರುವಾರ ಕೊಲೋಸಿಯಂ. ಶುಕ್ರವಾರ ಊರೊಳಗಿನ ಚರ್ಚುಗಳು. ಸರಿಯಾ?"

"ನಡೆಯುದು ಕಮ್ಮಿ ಇರ್ಲಿ. ಮೆಟ್ಟಿಲಂತೂ ಬೇಡವೇ ಬೇಡ. ಡಾಕ್ಟರ್ ಹೇಳಿದ್ದಾರೆ."

ವೆನಿಟಾ ಮೌಸಿನಿಂದ ಕೈ ತೆಗೆದಳು.

'ಡಾಕ್ಟರ್... ಅಂದರೆ ಬಸುರಿಯಾ? ನನ್ನನ್ನು ಐನೂರು ಮೆಟ್ಟಿಲು ಎಳೆದುಕೊಂಡು ಹೋಗುತ್ತೇನೆ ಎನ್ನುತ್ತಿದ್ದವನು... ಹೆಂಡತಿಗಾಗಿ ಒಂದು ಮೆಟ್ಟಿಲೂ ಬೇಡ ಎನ್ನುತ್ತಿದ್ದಾನೆ!'

ಅಸೂಯೆಯಾಯಿತು. ಅಸೂಯೆಯಾಯಿತಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂತು.

"ರೂಮು ಎಷ್ಟು ಸರ್?"

"ಒಂದೇ ಸಾಕು."

"ನಿಮ್ಮ ಪಾಸ್‌ಪೋರ್ಟ್ ಕಾಪಿ ಕೊಡಿ. ಇನ್ನೊಬ್ಬರದ್ದು?"

"ಸಂಜೆಗೆ ಮೆಲನಿ ಕಳಿಸ್ತಾಳೆ."

ಮೆಲನಿ... ಒಳ್ಳೆಯ ಹೆಸರೇ. ಯಾರು ಎಂದು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ. ಅಭಿಮಾನ ನೋಡಿ, ಅಭಿಮಾನ! ಆ ವಿಷಯದಲ್ಲಿ ಇಬ್ಬರಲ್ಲಿ ಯಾರೂ ಕಮ್ಮಿಯಿಲ್ಲ.

"ಈ ಹೋಟೆಲಿನ ಆಫರ್ ಐದು ಗಂಟೆಗೆ ಮುಗೀತದೆ. ಈಗಲೇ ಬ್ಲಾಕ್ ಮಾಡಿ ಇಡ್ತೇನೆ," ಎಂದು ಪಟಪಟನೆ ಟೈಪ್ ಮಾಡಿ, ಪ್ರಿಂಟರಿನಿಂದ ಹಾಳೆ ತೆಗೆದು ಅವನ ಮುಂದಿಟ್ಟಳು. ಇನ್ನೇನು, ಹೋಗುತ್ತಾನೆ. ಈ ಸಲವೂ ಕಾರಣ ಹೇಳದೆ ಹೋಗುತ್ತಾನೆ...

ಜೋವಿನ್ ಹಾಳೆ ಓದಿದ. ಮತ್ತೊಮ್ಮೆ ಓದಿದ.

ರೋಮ್. ನಾಲ್ಕು ರಾತ್ರಿ. ಒಂದು ರೂಮು. ಮಿಸ್ಟರ್ ಜೋವಿನ್, ಮಿಸ್ ವೆನಿಟಾ.

"ಇದರಲ್ಲಿ ನಿನ್ನ ಹೆಸರು... ಯಾಕೆ?"

"ತಪ್ಪು ತಿಳ್ಕೊಳ್ಬೇಡಿ ಸರ್!" ಅವಳ ಮುಖ ಕೆಂಪಾಯಿತು. "ರೂಮ್ ಹಿಡಿದಿಡ್ಬೇಕಾದ್ರೆ ಎರಡು ಹೆಸರು ಬೇಕೇ ಬೇಕು. ಪಾಸ್‌ಪೋರ್ಟ್ ಕಾಪಿ ಬರುವವರೆಗೆ ಆಫೀಸಿನವರ ಹೆಸರು ಹಾಕಿ ಇಡುದು, ಆಮೇಲೆ ಬದಲಾಯಿಸುದು. ನಮ್ಮಲ್ಲಿ ಎಲ್ಲ ಫೈಲಿಗೂ ಹಾಗೇ."

"ಎಲ್ಲ ಫೈಲಿಗೂ?"

"ಹೌದು."

"ಇಬ್ಬರ ಕಾಪಿಯೂ ಬಾರದಿದ್ರೆ?"

"ಇಬ್ಬರದ್ದೂ ಸ್ಟಾಫ್ ಹೆಸರೇ. ನನ್ನದು, ಸುಪ್ರೀತ್‌ನದ್ದು... ಯಾಕೆ ಕೇಳ್ತೀರಿ?"

ಅವನು ಉತ್ತರ ಕೊಡುವ ಮೊದಲೇ ಒಳಗಿನ ಕೋಣೆಯಿಂದ ದುಂಡುಮುಖದ ಒಬ್ಬ ಹೊಟ್ಟೆ ಹೊತ್ತುಕೊಂಡು ಓಡಿ ಬಂದ.

"ವೆನಿಟಕ್ಕಾ, ನಾನು ಹೊರಟೆ! ಮೂರೂ ಮಕ್ಕಳು ಟ್ಯೂಷನ್ ಮುಗ್ಸಿ ಕಾಯ್ತಿದ್ದಾರೆ. ಲೇಟಾದ್ರೆ ಹೆಂಡತಿ ಕೈಯಲ್ಲಿ ಇವತ್ತು ನನ್ನದು ಖಲಾಸ್!"

"ಹೋಗು ಸುಪ್ರೀತ್, ಮೆಲ್ಲ ಡ್ರೈವ್ ಮಾಡು."

ಬಾಗಿಲು ಮುಚ್ಚಿಕೊಂಡಿತು. ಜೋವಿನ್ ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡ.

"ಸರ್?... ಎಂತ ಆಯ್ತು? ನೀರು ಕೊಡ್ಲಾ?"

"ಆ ಗುರುವಾರ ನಾನು ಇಲ್ಲಿಗೆ ಬಂದಿದ್ದೆ ವೆನಿ."

ನೀರಿಗೆಂದು ಎದ್ದವಳು ಹಾಗೇ ಕೂತಳು.

"ಕೆಲಸ ಬೇಗ ಮುಗೀತು, ಹೇಳದೆ ಬಂದು ನಿನಗೆ ಸರ್‌ಪ್ರೈಸ್ ಕೊಡುವ ಅಂತ. ನೀನು ಬಾಸ್‌ನ ಕೋಣೆಯಲ್ಲಿದ್ದಿ. ಪ್ರಿಂಟರಿನಲ್ಲಿ ಒಂದು ಹಾಳೆ ಇತ್ತು. ರೋಮ್, ನಾಲ್ಕು ರಾತ್ರಿ, ಒಂದು ರೂಮು... ವೆನಿಟಾ ಮತ್ತು ಸುಪ್ರೀತ್. ಸುಪ್ರೀತ್ ಯಾರು ಅಂತಲೂ ನನಗೆ ಗೊತ್ತಿರ್ಲಿಲ್ಲ."

"ಅವನು ಆಗ ಕೆಲಸಕ್ಕೆ ಸೇರಿ ಎರಡು ವಾರ ಆಗಿತ್ತಷ್ಟೇ..." ವೆನಿಟಾಳ ಧ್ವನಿ ಎಲ್ಲೋ ದೂರದಿಂದ ಬಂದಂತಿತ್ತು. "ಅದನ್ನು ನೋಡಿ ಹೋದೆಯಾ ನೀನು? ಅದೊಂದು ಹಾಳೆ ನೋಡಿ?"

'ಸರ್' ಹೋಗಿತ್ತು. 'ನೀವು' ಹೋಗಿತ್ತು. ಉಳಿದದ್ದು ಬರೀ ಸಿಟ್ಟು.

"ಆರು ವರ್ಷ ಜೋವಿನ್! ನನ್ನಲ್ಲಿ ಎಂತ ತಪ್ಪಿತ್ತು ಅಂತ ದಿನಾ ಹುಡುಕಿದೆ. ಬೇರೆ ಯಾರ ಜೊತೆಯಾದ್ರೂ ರೋಮಿಗೆ ಹೋಗುವವಳಾ ನಾನು? ಅದು ನಮ್ಮದಲ್ವಾ! ಒಂದು ಮಾತು ಕೇಳ್ಬಹುದಿತ್ತಲ್ಲ!"

"ಹೆದರಿದೆ. ಕೇಳಿ ನೀನು ಹೌದು ಅಂದುಬಿಟ್ರೆ? ನಾನು ಕ್ಯಾಂಪಿನಲ್ಲಿ ಬಂಕ್ ಮಂಚದಲ್ಲಿ ಮಲಗುವವ. ನಿನಗೆ ಒಳ್ಳೆಯವ ಸಿಕ್ಕಿರ್ಬೇಕು ಅಂತ ನಾನೇ ಅಂದ್ಕೊಂಡೆ. ತಪ್ಪಾಯ್ತು. ದೊಡ್ಡ ತಪ್ಪು. ಒಂದು ದಿನವೂ ನಿನ್ನನ್ನು ಮರೀಲಿಕ್ಕೆ ಆಗ್ಲಿಲ್ಲ ವೆನಿ."

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಇಷ್ಟು ವರ್ಷ ಒಳಗೇ ಉಳಿದಿದ್ದ ಅಳು, ಸುಲಭಕ್ಕೆ ಮುಗಿಯುವಂಥದ್ದಲ್ಲ. ಕೊನೆಗೆ ದುಪಟ್ಟಾದಲ್ಲಿ ಮುಖ ಒರೆಸಿಕೊಂಡು ಕಷ್ಟದಿಂದ ಹೇಳಿದಳು.

"ಈಗ ಇದೆಲ್ಲ ಹೇಳಿ ಪ್ರಯೋಜನ ಇಲ್ಲ. ನಿನ್ನ ಮೆಲನಿಗೆ ಗೊತ್ತಾದ್ರೆ ಅವಳಿಗೆ ಎಷ್ಟು ಬೇಜಾರಾಗ್ಬಹುದು..."

"ಮೆಲನಿಗೆ ಯಾಕೆ ಬೇಜಾರು?"

"ಹೆಂಡತಿಗೆ ಬೇಜಾರಾಗುದಿಲ್ವಾ!"

"ಹೆಂಡತಿಯೇ, ಆದ್ರೆ ನನ್ನ ತಮ್ಮ ಗೇಬ್ರಿಯಲ್‌ನ ಹೆಂಡತಿ! ಅಮ್ಮನಿಗೆ ವಾಟ್ಸ್ಯಾಪಲ್ಲಿ ಫೋಟೋ ಕಳಿಸ್ಲಿಕ್ಕೆ ಬರುದಿಲ್ಲ. ಅದಕ್ಕೆ ಪಾಸ್‌ಪೋರ್ಟ್ ಕಾಪಿ ಮೆಲನಿ ಕಳಿಸುದು."

ವೆನಿಟಾ ಬಾಯಿ ತೆರೆದು ನೋಡಿದಳು.

"ಇಬ್ಬರು ಅಂದ್ರೆ..."

"ನಾನು, ಅಮ್ಮ. ಅಮ್ಮನ ಮೊಣಕಾಲಿನ ಆಪರೇಷನ್ ಉಂಟು ಜನವರಿಯಲ್ಲಿ. ಅದಕ್ಕೆ ಮೊದ್ಲು ರೋಮ್ ತೋರಿಸುವ ಅಂತ. ನನಗೆ ಮದುವೆ ಆಗ್ಲಿಲ್ಲ ವೆನಿ."

ಮೊಣಕಾಲು! ಅವಳಿಗೆ ಅಳುವಿನ ನಡುವೆಯೇ ನಗು ಬಂತು. ಐದು ನಿಮಿಷದ ಹಿಂದೆ ಆ ಮೊಣಕಾಲನ್ನು ಬಸುರಿ ಮಾಡಿದ್ದವಳು ಅವಳೇ ತಾನೆ! ಕೇಳದೆ ತೀರ್ಮಾನ ಮಾಡುವ ಚಟ ಅವನೊಬ್ಬನದ್ದೇ ಅಲ್ಲ ಎಂದು ಹೊಳೆದಾಗ, ಸಿಟ್ಟಿನ ಅರ್ಧ ಭಾಗ ತಾನಾಗಿಯೇ ಇಳಿದುಹೋಯಿತು.

ಅಷ್ಟರಲ್ಲಿ ಜೋವಿನ್‌ನ ಫೋನ್ ಹೊಡೆದುಕೊಂಡಿತು. ಊರಿನಿಂದ ಅಮ್ಮ, ಪರ್ಪೆಚುವಾ ಬಾಯಿ. ಅವನು ಸ್ಪೀಕರ್ ಒತ್ತಿದ.

"ಕಾಪಿ ಬಂತಾ ಮಗಾ? ಮೆಲನಿ ಈಗ ಕಳಿಸಿದ್ಳು."

"ಅಮ್ಮಾ... ನಾನು ವೆನಿಟಾಳ ಆಫೀಸಿನಲ್ಲಿದ್ದೇನೆ. ತಪ್ಪು ನನ್ನದೇ ಆಗಿತ್ತಮ್ಮ. ಅವಳದ್ದು ಎಂತದೂ ಇರ್ಲಿಲ್ಲ. ಅವಳು ಇನ್ನೂ ಮದುವೆ..." ಎಂದು ಅವಳ ಕಡೆ ನೋಡಿದ.

"ಆಗ್ಲಿಲ್ಲ," ಎಂದಳು ವೆನಿಟಾ ಮೆಲ್ಲಗೆ.

ಆ ಕಡೆ ಮುದುಕಿಯ ಸ್ವರ ಜೋರಾಯಿತು.

"ದೇವರೇ... ಹಾಗಾದ್ರೆ ಆ ಬುಕಿಂಗ್ ತೆಗೆದುಹಾಕು!"

"ಅಮ್ಮಾ, ರೋಮ್?"

"ರೋಮ್ ಎರಡು ಸಾವಿರ ವರ್ಷದಿಂದ ಅಲ್ಲೇ ಉಂಟಲ್ಲ, ಇನ್ನೊಂದು ಆರು ತಿಂಗಳಲ್ಲಿ ಎಲ್ಲಿಗೂ ಓಡಿ ಹೋಗುದಿಲ್ಲ! ಆಪರೇಷನ್ ಆಗಿ ಗಟ್ಟಿ ಕಾಲಿನಲ್ಲಿ ಹೋಗ್ತೇನೆ ನಾನು. ನವೆಂಬರಿನ ರಜೆಯಲ್ಲಿ ನೀನು ಊರಿಗೆ ಬಾ. ಮೊದ್ಲು ಶಿರ್ವಕ್ಕೆ ಹೋಗುವ, ಹೆಣ್ಣು ಕೇಳ್ಲಿಕ್ಕೆ. ಆರು ವರ್ಷ ಲೇಟಾಗಿದೆ, ಯಲ್ಲಾ!"

ಗಲ್ಫ್ ನೋಡದ ಆ ತಾಯಿಗೆ ಮಗನಿಂದ ಬಂದ ಅರಬ್ಬಿ ಮಾತು ಅದೊಂದೇ, 'ಬೇಗ ನಡಿ' ಅಂತ. ಸರಿಯಾದ ಜಾಗದಲ್ಲಿ ಹೇಳಿ ಫೋನ್ ಇಟ್ಟರು.

ಗೋಡೆಯ ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷವಿತ್ತು. ವೆನಿಟಾ ಕಂಪ್ಯೂಟರಿನತ್ತ ತಿರುಗಿ ಬುಕಿಂಗನ್ನು ರದ್ದು ಮಾಡಿದಳು. ಜೋವಿನ್ ಅವಳ ಮುಖವನ್ನೇ ನೋಡುತ್ತಿದ್ದ. ಈ ಬಾರಿ ಊಹೆ ಮಾಡುವ ಧೈರ್ಯ ಅವನಿಗಿರಲಿಲ್ಲ.

"ವೆನಿ, ಅಮ್ಮ ಹೇಳಿದ್ರು ಅಂತ ಅಲ್ಲ... ನಿನ್ನನ್ನೇ ಕೇಳ್ತೇನೆ. ನಾನು ಶಿರ್ವಕ್ಕೆ ಬರ್ಲಾ?"

ಅವಳು ಬೇಕೆಂದೇ ಮೇಜಿನ ಮೇಲಿನ ಹಾಳೆಗಳನ್ನು ಒಂದೊಂದಾಗಿ ಜೋಡಿಸಿದಳು. ಆರು ವರ್ಷಕ್ಕೆ ಒಂದು ನಿಮಿಷವಾದರೂ ಅವನು ಕಾಯಲಿ!

"ಬಾ," ಎಂದಳು. "ನಾನೂ ರಜೆ ಹಾಕ್ತೇನೆ. ನೀವು ಬರುವಾಗ ಮನೆಯಲ್ಲಿರ್ತೇನೆ."

"ಆಮೇಲೆ ನನ್ನ ಜೊತೆ ರೋಮಿಗೆ?"

"ಬರ್ತೇನೆ. ಆದ್ರೆ ಗುಮ್ಮಟ ಹತ್ತುದಿಲ್ಲ."

"ಬೇಡ. ನಾನೂ ಕೆಳಗೇ ಕೂತ್ಕೊಳ್ತೇನೆ, ನಿನ್ನ ಹತ್ತಿರ."