ಒಂದು ಗೇಣು ಕಾಂಕ್ರೀಟು

ಹದಿನೇಳು ವರ್ಷ ನೆಟ್‌ವರ್ಕ್ ಕೇಬಲ್ ಎಳೆದು ನನ್ನ ಸೊಂಟ ಹೋಗಿದೆ. ಕಥೆ ಕಟ್ಟುವಷ್ಟು ತ್ರಾಣ ಉಳಿದಿಲ್ಲ.

ಮಲೇಷ್ಯಾದ ಇಪೋ ಊರಿನ ಒಂದು ಹಲ್ಲಿನ ಆಸ್ಪತ್ರೆಯಲ್ಲಿ ಮೂರನೇ ಮಹಡಿಯ ನೆಟ್‌ವರ್ಕನ್ನು ಐದಕ್ಕೆ ವಿಸ್ತರಿಸಬೇಕಿತ್ತು. ಚೀನೀ ಭಾಷೆಯಲ್ಲಿ ನಾಲ್ಕು ಎಂದರೆ ಸಾವು ಎಂದಂತೆ ಕೇಳಿಸುತ್ತದೆ; ಅಪಶಕುನವೆಂದು ನಮ್ಮಲ್ಲಿ ಮಹಡಿ ಎಣಿಸುವಾಗ ಆ ಅಂಕಿಯನ್ನೇ ಬಿಡುತ್ತಾರೆ. ಹಾಗಾಗಿ ಮೂರರ ಚಾವಣಿಯೇ ಐದರ ನೆಲ. ನಡುವೆ ಒಂದು ಗೇಣು ಕಾಂಕ್ರೀಟು, ಅದರಲ್ಲೊಂದು ತೂತು. ಕೆಳಗಿನ ನೆಟ್ವರ್ಕ್ ಪೆಟ್ಟಿಗೆಯಿಂದ ಐದರ ಮೇಜಿನವರೆಗೆ ನನ್ನ ಅಳತೆಯಲ್ಲಿ ಒಟ್ಟು ದೂರ ತೊಂಬತ್ತೆಂಟು ಮೀಟರ್. ನೂರು ದಾಟಿದರೆ ಸಂಪರ್ಕ ನೆಚ್ಚುವಂತಿಲ್ಲ.

ಮಧ್ಯಾಹ್ನ ಕೆಳಗಿನಿಂದ ನಾನು ಕೇಬಲ್ ತೂರಿಸಿದೆ, ಮೇಲಿನಿಂದ ಜೊತೆಗಾರ ಫೂಕ್ ಸೆಂಗ್ ಎಳೆದ. ತುದಿ ಮೇಲಿನ ಮೇಜು ಮುಟ್ಟುವ ಹೊತ್ತಿಗೆ, ಪೆಟ್ಟಿಗೆಯ ಬಳಿ ಕೇಬಲ್ ಮೇಲೆ ಅಚ್ಚಾದ ಮೀಟರ್ ಗುರುತು ನೂರಾ ಎರಡು ತೋರಿಸುತ್ತಿತ್ತು. ಕೂಗಿ ಹೇಳಿದೆ.

"ಅಳೆಯುವಾಗ ನಿದ್ದೆ ಮಾಡ್ತಿದ್ಯೇನೋ ಮಾರಾಯ?" ತೂತಿನಿಂದಲೇ ಬೈದ. "ಇಲ್ಲಾ, ನಾಲ್ಕನೇ ಮಹಡಿಯವರಿಗೂ ಒಂದು ಕನೆಕ್ಷನ್ ಕೊಟ್ಯೋ?"

"ಬಾಯಿ ಮುಚ್ಕೊಂಡು ವಾಪಸ್ ಬಿಡೋ. ಮತ್ತೆ ಅಳೆಯೋಣ."

ಎಳೆದೆ. ಮೊದಲು ಒಂದು ಗೇಣು ಸಲೀಸಾಗಿ ಬಂತು. ಆಮೇಲೆ ಅಡಿಗೊಮ್ಮೆ ಟಕ್ಕೆಂದು ಸಿಕ್ಕಿಕೊಂಡು ಕಿತ್ತುಬಂತು. ಹಾಗೆ ಬಂದ ನಾಲ್ಕು ಮೀಟರ್ ಕೇಬಲ್, ಕೈ ಮರಗಟ್ಟುವಷ್ಟು ತಣ್ಣಗಿತ್ತು. ಅಷ್ಟುದ್ದಕ್ಕೂ, ಗೋಡೆಗೆ ಕೇಬಲ್ ಕೂರಿಸುವ ಕ್ಲಿಪ್ಪುಗಳು ಅಡಿಗೊಂದರಂತೆ ಅಂಟಿಕೊಂಡಿದ್ದವು. ಅವುಗಳ ಬಾಗಿದ ಮೊಳೆಗಳಲ್ಲಿ ಯಾವುದೋ ಗೋಡೆಯ ಹಸಿ ಸುಣ್ಣ ಮೆತ್ತಿತ್ತು.

ಅವತ್ತು ನಾವು ಕ್ಲಿಪ್ಪು ತಂದೇ ಇರಲಿಲ್ಲ.