ಕಾಮಸಮುದ್ರ ರಸ್ತೆಯ ವಾಕಿಟಾಕಿ ದನಿ

ಮಾರ್ಚ್ 12, ಬೆಳಿಗ್ಗೆ 8.10. ಶ್ಯಾಮಲಾ ಕಾಮಸಮುದ್ರ ಪೊಲೀಸ್ ಠಾಣೆಗೆ ಬಂದಳು. ಹಳ್ಳಿ ಹೆಂಗಸರನ್ನು ಬಂಗಾರಪೇಟೆಯ ಗಾರ್ಮೆಂಟ್ಸ್‌ಗೆ ಕರೆದೊಯ್ಯುವ ಎರಡು ವ್ಯಾನುಗಳು ಅವಳವು; ಒಂದನ್ನು ತಾನೇ ಓಡಿಸುತ್ತಿದ್ದಳು. ಆ ಕಾಡುರಸ್ತೆಯಲ್ಲಿ ಮೊಬೈಲ್ ಸಿಗದೆಂದು ಎರಡರಲ್ಲೂ ವಾಕಿಟಾಕಿ ಇಟ್ಟಿದ್ದಳು. ತರಂಗಾಂತರಕ್ಕೆ ಲೈಸೆನ್ಸೂ ಪಡೆದಿದ್ದಳು.

“ಮೂರು ದಿನದಿಂದ ಯಾರೋ ಅದ್ರಾಗೆ ಎದರಿಸ್ತಾವ್ರೆ ಸಾರ್. ‘ನೀಲಿ ವ್ಯಾನು, ಅನ್ನೊಂದು ಎಂಗಸ್ರು. ಸೆಟ್ ಬಂದ್ ಮಾಡು, ಇಲ್ಲಾಂದ್ರೆ ಎಲ್ರೂ ಕೆರೆಗೆ’ ಅಂತಾನೆ.”

“ಲೆಕ್ಕ ಸರಿಯಿತ್ತಾ?” ಇನ್ಸ್‌ಪೆಕ್ಟರ್ ಶಶಿಧರ್ ಕೇಳಿದರು.

“ಸರ್ಯಾಗೇ ಇತ್ತು. ಅದ್ಕೇ ಭಯ.”

ಎಫ್‌ಐಆರ್ ದಾಖಲಾಯಿತು. ಮರುದಿನ 6.30ಕ್ಕೆ ಶಶಿಧರ್ ಮತ್ತು ಕಾನ್‌ಸ್ಟೆಬಲ್ ಚಂದನ ಮಫ್ತಿಯಲ್ಲಿ ಅದೇ ವ್ಯಾನು ಹತ್ತಿದರು. ಕೆರೆಯ ತಿರುವಿನಲ್ಲಿ ಸೆಟ್ ಗರಗರಿಸಿತು.

“ಇವತ್ತು ಅದಿಮೂರು ಜನ. ಆ ಗಂಡಸು ಯಾರು?”

ಹಿಂದಿನ ಸೀಟಿನಲ್ಲಿ ಯಾರೋ ಅಳತೊಡಗಿದರು. ಶ್ಯಾಮಲಾಳ ಕಾಲು ಬ್ರೇಕಿನ ಮೇಲೆ ಹೋಯಿತು.

“ನಿಲ್ಲಿಸಬೇಡಿ,” ಎಂದರು ಶಶಿಧರ್.

ಎಲ್ಲರೂ ವ್ಯಾನು ಹತ್ತುವುದು ಬೆಟ್ಟದ ಬುಡದ ಒಂದೇ ನಿಲ್ದಾಣದಲ್ಲಿ. ಎಣಿಸುವವನು ಮೇಲೆಯೇ ಇರಬೇಕು.

9.15ಕ್ಕೆ ಪೊಲೀಸರು ಬೆಟ್ಟ ಹತ್ತಿದರು. ಅಲ್ಲಿ ಕದ್ದು ನಡೆಸುತ್ತಿದ್ದ ಕಲ್ಲುಕ್ವಾರಿ; ತಗಡಿನ ಶೆಡ್ಡಿನಲ್ಲಿ ಅದರ ಮಾಲೀಕ ಸೆಲ್ವರಾಜ್, ಎರಡು ವಾಕಿಟಾಕಿ. ಮಂಚದ ಮೇಲೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಕೂಲಿಯಾಳು ಕೆಂಪಣ್ಣ.

“ಸೆಟ್‌ಗೆ ಲೈಸೆನ್ಸ್?” ಶಶಿಧರ್ ಕೇಳಿದರು.

“ಇಲ್ಲ ಸಾರ್. ಕೇಳಾಕೋದ್ರೆ ಕ್ವಾರಿ ಕಾಗದಾನೂ ಕೇಳ್ತಾರೆ.”

“ಇವನಿಗೇನಾಯ್ತು?”

ಸೆಲ್ವರಾಜ್ ಮಂಚದ ಕಡೆ ನೋಡಿದ. “ಕೆಂಪಣ್ಣ ದೂರ ಓಗಿ ‘ಸರಿ’ ಅಂದ್ಮೇಲೇ ನಾನು ಬಂಡೆ ಸಿಡಿಸೋದು. ಅವತ್ತು ಸೆಟ್ನಾಗೆ ‘ಸರಿ’ ಅಂತ ಬಂತು. ಸಿಡಿಸ್ಬಿಟ್ಟೆ. ಕಲ್ಲಿನ ಚೂರು ಇವ್ನ ಕಣ್ಣಿಗೆ ಬಡೀತು. ‘ಸರಿ’ ಅಂದಿದ್ದು ಇವ್ನಲ್ಲ, ವ್ಯಾನಿನೋರು. ಅವ್ರದೂ ನಮ್ದೂ ಒಂದೇ ಚಾನೆಲ್, ನಮ್ಮ ಸೆಟ್‌ಗೆ ಬೇರೆ ಚಾನೆಲ್ ಇಲ್ಲ. ಮುಂದೆ ಯಾರಾದ್ರೂ ಸತ್ತೇ ಓಗ್ತಾರೆ ಅಂತ ಎದರಿಕೆ ಆಯ್ತು. ಅದ್ಕೇ ಅವ್ರನ್ನ ಎದರಿಸ್ದೆ.”

ಪಂಚರ ಎದುರು ಪಂಚನಾಮೆ ಬರೆದು ಸೆಟ್‌ಗಳನ್ನು ವಶಪಡಿಸಿಕೊಂಡರು. ಕೆಂಪಣ್ಣನನ್ನು ಆಸ್ಪತ್ರೆಗೆ ಸಾಗಿಸಿದರು. 11.40ಕ್ಕೆ ಸೆಲ್ವರಾಜ್‌ನ ಬಂಧನವಾಯಿತು.

ಸಂಜೆ ಠಾಣೆಯಲ್ಲಿ ಎಲ್ಲವನ್ನೂ ಕೇಳಿದ ಶ್ಯಾಮಲಾ, “ಆ ‘ಸರಿ’ ಬಂದಿದ್ದು ಯಾವತ್ತು ಸಾರ್?” ಎಂದಳು.

“ಎಂಟನೇ ತಾರೀಕು, ಬೆಳಿಗ್ಗೆ 6.40.”

ಅವಳು ಚಂದನಳ ಮುಂದಿದ್ದ ಕಾಗದ ನೋಡಿದಳು. “ಇನ್ನೊಂದು ವ್ಯಾನಿನೋನು ‘ವ್ಯಾನು ತಕ್ಕಂಡು ಒರಟೆ’ ಅಂದ. ನಾನೇ ‘ಸರಿ’ ಅಂದಿದ್ದು. ಅದನ್ನೂ ಬರ್ಕೊಳ್ಳಿ.”

“ನಿಮ್ಮ ತಪ್ಪೇನಿಲ್ಲಮ್ಮ,” ಎಂದಳು ಚಂದನ.

“ಇರ್ಲಿ, ಬರ್ಕೊಳ್ಳಿ.”

ಚಂದನ ಬರೆದುಕೊಂಡಳು. ಶ್ಯಾಮಲಾ ಓದಿಸಿ ಕೇಳಿ ಸಹಿ ಹಾಕಿದಳು. ಆಮೇಲೆ ಕೆಂಪಣ್ಣ ಯಾವ ವಾರ್ಡಿನಲ್ಲಿದ್ದಾನೆಂದು ವಿಚಾರಿಸಿದಳು.